ಸೈಕಲ್ಲಿಗೆ ಫೋನ್, ದೀಪ, ಬಾಟಲಿಯ ಹೋಲ್ಡರ್‌ಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ನೀವು ಹೊಸದಾಗಿ ಗೇರ್ ಸೈಕಲ್ ಕೊಂಡಿದ್ದೀರಿ, ರಜೆಯ ದಿನಗಳಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಹೋಗಿಬರುತ್ತೀರಿ, ಫೋನ್, ದೀಪ, ಬೆಲ್ಲು ಎಲ್ಲಕ್ಕೂ ಹ್ಯಾಂಡಲ್ ಮೇಲೆ ಜಾಗ ಸಾಲುತ್ತಿಲ್ಲ, ಅಂಗಡಿಯಿಂದ ತಂದ ಎರಡು ಹೋಲ್ಡರ್‌ಗಳು ತಿಂಗಳೊಳಗೆ ಸಡಿಲವಾದವು. ಮನೆಯಲ್ಲೇ ಮಾಡಿಕೊಂಡರೆ ತಾಳುತ್ತವೆಯೇ ಎಂದು ಕೇಳಿದ್ದೀರಿ. ತಾಳುತ್ತವೆ. ಐದಾರು ವರ್ಷಗಳಿಂದ ಅದೇ ರಸ್ತೆಯಲ್ಲಿ ಓಡಾಡುತ್ತಾ, ಇಂಥವನ್ನು ಮಾಡಿ, ಮುರಿದು, ಮತ್ತೆ ಮಾಡಿದವನಾಗಿ ಹೇಳುವುದಾದರೆ, ಹೋಲ್ಡರ್ ಯಾವ ವಸ್ತುವಿನದು ಎಂಬುದಕ್ಕಿಂತ ಅದನ್ನು ಎಲ್ಲಿ ಕಟ್ಟಿದ್ದೀರಿ, ಹಿಡಿತದ ಜಾಗದಿಂದ ಎಷ್ಟು ದೂರ ಚಾಚಿದ್ದೀರಿ ಎಂಬುದೇ ಅದರ ಬಾಳಿಕೆಯನ್ನು ನಿರ್ಧರಿಸುತ್ತದೆ.

ನನಗೆ ಇದು ತಿಳಿದದ್ದು ಒಂದು ಫೋನ್ ಕಳೆದುಕೊಂಡ ಮೇಲೆ. ಆಗ ನನ್ನಲ್ಲಿದ್ದ ಹೋಲ್ಡರ್, ಗೋಲಿಯಾಕಾರದ ಕೀಲಿನ ಮೇಲೆ ಎತ್ತ ಬೇಕಾದರೂ ತಿರುಗುವ, ಸುಮಾರು 12 ಸೆಂಟಿಮೀಟರ್ ಉದ್ದದ ತೋಳಿನದು. ನೋಡಲು ಬಹಳ ಚೆನ್ನಾಗಿತ್ತು. ಮಂಡಗದ್ದೆಗೆ ಸ್ವಲ್ಪ ಮೊದಲು ರಸ್ತೆಯ ಉಬ್ಬೊಂದನ್ನು ಹತ್ತಿಳಿದಾಗ ಆ ಕೀಲು ಕಳಚಿ, ಫೋನ್ ಮುಂದಿನ ಚಕ್ರದ ಪಕ್ಕಕ್ಕೇ ಬಿತ್ತು. 200 ಗ್ರಾಂ ತೂಕದ ಫೋನನ್ನು 4 ಸೆಂಟಿಮೀಟರ್ ದೂರದಲ್ಲಿ ಕೂರಿಸುವುದಕ್ಕೂ 12 ಸೆಂಟಿಮೀಟರ್ ದೂರದಲ್ಲಿ ಕೂರಿಸುವುದಕ್ಕೂ ಹಿಡಿತದ ಮೇಲೆ ಬೀಳುವ ತಿರುಚು ಬಲದಲ್ಲಿ ಮೂರು ಪಟ್ಟು ವ್ಯತ್ಯಾಸವಿದೆ, ಅದರ ಮೇಲೆ ಪ್ರತಿಯೊಂದು ಗುಂಡಿಯೂ ಆ ಬಲವನ್ನು ಕ್ಷಣಕಾಲ ಹಲವು ಪಟ್ಟು ಹೆಚ್ಚಿಸುತ್ತದೆ. ಹಾಗಾಗಿ ಉದ್ದ ತೋಳಿನ, ಒಂದೇ ಕೀಲಿನ ಹೋಲ್ಡರ್‌ಗಳನ್ನು ನಮ್ಮ ರಸ್ತೆಗಳಿಗೆ ನಾನು ಯಾರಿಗೂ ಸೂಚಿಸುವುದಿಲ್ಲ.

ಮೊದಲು ಅಳತೆ ತೆಗೆದುಕೊಳ್ಳಿ. ವರ್ನಿಯರ್ ಎಂಬ ಸೂಕ್ಷ್ಮ ಅಳತೆಯ ಉಪಕರಣ ಬೇಕಾಗಿಲ್ಲ. ಒಂದು ಕಾಗದದ ಪಟ್ಟಿಯನ್ನು ಹ್ಯಾಂಡಲ್ ಸುತ್ತ ಬಿಗಿಯಾಗಿ ಸುತ್ತಿ, ಸೇರುವ ಜಾಗದಲ್ಲಿ ಗುರುತು ಹಾಕಿ, ಬಿಚ್ಚಿ ಸ್ಕೇಲಿನ ಮೇಲೆ ಇಡಿ. ಸುತ್ತಳತೆ 70 ಮಿಲಿಮೀಟರ್ ಬಂದರೆ ಹ್ಯಾಂಡಲ್ಲಿನ ವ್ಯಾಸ 22.2, 80 ಬಂದರೆ 25.4, 100 ಬಂದರೆ 31.8 ಮಿಲಿಮೀಟರ್. ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಈ ಮೂರೇ. ಗೇರ್ ಸೈಕಲ್ಲುಗಳ ನೇರ ಹ್ಯಾಂಡಲ್ ನಡುವೆ ದಪ್ಪಗಿದ್ದು, ಹಿಡಿಗಳ ಕಡೆಗೆ ಸಾಗಿದಂತೆ 22.2ಕ್ಕೆ ಇಳಿಯುವುದರಿಂದ, ನಡುವಿನ ಜಾಗವನ್ನೂ ಬ್ರೇಕ್ ಲಿವರ್ ಪಕ್ಕದ ಜಾಗವನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಅಳತೆಯಾದ ಮೇಲೆಯೂ ಕೂಡಲೇ ಗರಗಸ ಹಿಡಿಯಬೇಡಿ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಹಳೆಯ ಟ್ಯೂಬೊಂದನ್ನು ಕೇಳಿ ತಂದು, ಎರಡು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ. ಪಟ್ಟಿಯನ್ನು ಚೆನ್ನಾಗಿ ಎಳೆದು ಹಿಡಿದು ನಾಲ್ಕೈದು ಸುತ್ತು ಸುತ್ತಿದರೆ ಪ್ರತಿ ಸುತ್ತೂ ಕೆಳಗಿನದನ್ನು ಒತ್ತುತ್ತಾ ಹೋಗಿ, ಹಿಡಿತ ನಂಬಲಾಗದಷ್ಟು ಗಟ್ಟಿಯಾಗುತ್ತದೆ. ಟಾರ್ಚನ್ನು ಹೀಗೆ ಕಟ್ಟಿ ಒಂದು ವಾರ ಒಂದು ಜಾಗದಲ್ಲಿ, ಮರುವಾರ ಇನ್ನೊಂದು ಜಾಗದಲ್ಲಿ ಇಟ್ಟು ಸೈಕಲ್ ಓಡಿಸಿ ನೋಡಿ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಬ್ರೇಕಿನ ಕೇಬಲ್ ತಾಗುತ್ತದೆಯೇ, ನಿಂತು ತುಳಿಯುವಾಗ ಮೊಣಕಾಲು ತಗಲುತ್ತದೆಯೇ ಎಂಬುದು ಮನೆಯ ಜಗಲಿಯಲ್ಲಿ ತಿಳಿಯುವುದಿಲ್ಲ, ಏರಿನಲ್ಲಿ ತಿಳಿಯುತ್ತದೆ. ನಾನು ಮಾಡಿ ಮೂಲೆಗೆಸೆದ ಹೋಲ್ಡರ್‌ಗಳಲ್ಲಿ ಹೆಚ್ಚಿನವು ಈ ಒಂದು ವಾರವನ್ನು ಕೊಡದೆ ಮಾಡಿದವು.

ಜಾಗ ಸಾಲದಿರುವುದಕ್ಕೆ ನನ್ನ ಪರಿಹಾರ, ಹ್ಯಾಂಡಲ್ ಮುಂದೆ ಒಂದು ಗಿಡ್ಡ ಅಡ್ಡಕೊಳವೆ. ಬಿಸಿನೀರಿನ ಸಾಲಿಗೆ ಬಳಸುವ ಕೆನೆಬಣ್ಣದ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನ ಹೊರವ್ಯಾಸ 22.2 ಮಿಲಿಮೀಟರ್, ಅಂದರೆ ಹ್ಯಾಂಡಲ್ಲಿನ ತೆಳು ಭಾಗದಷ್ಟೇ. ಹ್ಯಾಂಡಲ್ಲಿನ ಆ ತೆಳು ಭಾಗಕ್ಕೆಂದು ಮಾಡಿದ ಯಾವ ಕ್ಲಾಂಪ್ ಆದರೂ ಇದರ ಮೇಲೆ ಕೂರುತ್ತದೆ. ಬಿಳಿಯ ಯುಪಿವಿಸಿ ಪೈಪು ಅದೇ ಮುಕ್ಕಾಲು ಇಂಚಿನ ಹೆಸರಿನಲ್ಲಿದ್ದರೂ ಇನ್ನೂ ದಪ್ಪವಿರುತ್ತದೆ, ಅಂಗಡಿಯಲ್ಲಿ ಬಣ್ಣ ನೋಡಿಯೇ ಕೇಳಿ. ಆ ಸಿಪಿವಿಸಿ ಪೈಪಿನ ಅಳತೆಯ ಎರಡು ಟೀಗಳು (ಉದ್ದಭಾಗದ ನಡುವಿನಿಂದ ಒಂದು ಕವಲು ಹೊರಟ, T ಆಕಾರದ ಜೋಡಣೆಗಳು), ಒಂದು ಅಡಿ ಪೈಪು, ಎರಡು ಹೋಸ್ ಕ್ಲಿಪ್ಪುಗಳು (ಸುತ್ತಿ ಸ್ಕ್ರೂ ತಿರುಗಿಸಿ ಬಿಗಿಯುವ ಲೋಹದ ಪಟ್ಟಿಗಳು) ಬೇಕು. ಒಂದು ಟೀಯ ಉದ್ದಭಾಗವನ್ನು, ಕವಲಿನ ಎದುರು ಬದಿಯಲ್ಲಿ, ಅರ್ಧಕ್ಕಿಂತ ತುಸು ಕಡಿಮೆ ಕತ್ತರಿಸಿ ತೆಗೆದರೆ ಅದು ಹ್ಯಾಂಡಲ್ಲನ್ನು ತಬ್ಬಿ ಹಿಡಿಯುವ ಆಕಾರಕ್ಕೆ ಬರುತ್ತದೆ. ಟೀಯೊಳಗೆ ಪೈಪು ನಿಲ್ಲಲೆಂದು ನಡುವೆ ಒಂದು ಏಣು ಇರುತ್ತದೆ. ಅದನ್ನು ಅರ್ಧಚಂದ್ರಾಕಾರದ ಅರದಿಂದ ಪೂರ್ತಿ ಉಜ್ಜಿ ಸಮ ಮಾಡಬೇಕು. ಇದನ್ನು ಅರೆಮನಸ್ಸಿನಿಂದ ಮಾಡಿದರೆ ಟೀ ಆ ಏಣಿನ ಮೇಲೆ ತೊಟ್ಟಿಲಿನಂತೆ ಆಡುತ್ತಲೇ ಇರುತ್ತದೆ, ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಹ್ಯಾಂಡಲ್ಲಿಗೆ ಒಂದು ಸುತ್ತು ಟ್ಯೂಬಿನ ಪಟ್ಟಿ ಹಾಕಿ, ಅದರ ಮೇಲೆ ಟೀ ಕೂರಿಸಿ, ಎರಡೂ ತುದಿಗಳಿಗೆ ಹೋಸ್ ಕ್ಲಿಪ್ ಬಿಗಿಯಿರಿ. ಕವಲಿಗೆ 4 ಸೆಂಟಿಮೀಟರ್ ಪೈಪಿನ ತುಂಡು, ಅದರ ತುದಿಗೆ ಎರಡನೆಯ ಟೀ, ಅದರ ಎರಡು ಬದಿಗಳಿಗೆ ಅಡ್ಡಕೊಳವೆಯ ತುಂಡುಗಳು. ಎರಡೂ ಟೀಗಳ ಸಾಕೆಟ್ಟುಗಳು, ಅಂದರೆ ಪೈಪು ಕೂರುವ ಬಾಯಿಗಳು, ಆ ತುಂಡಿನ ಬಹುಭಾಗವನ್ನು ನುಂಗುವುದರಿಂದ ಟೀಗಳು ಹತ್ತಿರ ಹತ್ತಿರ ಕೂರುತ್ತವೆ, ನಮಗೆ ಬೇಕಾದದ್ದೂ ಅದೇ.

ಗಮ್ ಹಚ್ಚುವುದನ್ನು ಕೊನೆಗೆ ಇಟ್ಟುಕೊಳ್ಳಿ, ಒಮ್ಮೆ ಹಚ್ಚಿದರೆ ಕೋನ ಬದಲಿಸಲಾಗುವುದಿಲ್ಲ. ಅಲ್ಲಿಯವರೆಗೆ ಪ್ರತಿ ಸೇರುವೆಗೆ ಒಂದು ಸಣ್ಣ ಸ್ಕ್ರೂ ಸಾಕು. ಗಮ್ ಹಚ್ಚಿದ ಮೇಲೆ ಒಂದು ರಾತ್ರಿ ಮುಟ್ಟದೆ ಬಿಡಿ. ಅಡ್ಡಕೊಳವೆಯ ತಳದಲ್ಲಿ 3 ಮಿಲಿಮೀಟರಿನ ಒಂದು ರಂಧ್ರ ಕೊರೆಯುವುದನ್ನು ಮರೆಯಬೇಡಿ. ಪುನರ್ವಸು ಮಳೆಯಲ್ಲಿ ಒಂದು ದಿನ ಹೋಗಿಬಂದ ಮೇಲೆ ನನ್ನ ಕೊಳವೆಯನ್ನು ಅಲುಗಿಸಿದಾಗ ಒಳಗೆ ನೀರು ಗುಳುಗುಳು ಎನ್ನುತ್ತಿತ್ತು. ಹೋಸ್ ಕ್ಲಿಪ್ಪನ್ನು ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ, ಕೈಯಿಂದ ತಿರುಚಿದಾಗ ಜಾರದಷ್ಟು ಬಿಗಿದರೆ ಸಾಕು. ನಿಮ್ಮ ಹ್ಯಾಂಡಲ್ಲಿನ ನಡುಭಾಗ 31.8 ಆಗಿದ್ದು ಅಲ್ಲಿಯೇ ಕೂರಿಸಬೇಕೆಂದಿದ್ದರೆ, ಅಡಿಕೆ ತೋಟಕ್ಕೆ ನೀರು ಹಾಯಿಸುವ 32 ಮಿಲಿಮೀಟರ್ ಪೈಪಿನ ಟೀಯನ್ನು ಇದೇ ರೀತಿ ಕತ್ತರಿಸಬಹುದು. ನಮ್ಮ ಕಡೆ ಯಾವ ತೋಟದ ಮನೆಯ ಕೊಟ್ಟಿಗೆಯಲ್ಲಿಯೂ ಒಂದೆರಡು ಬಿದ್ದಿರುತ್ತವೆ.

ದೀಪವನ್ನು ಮಾತ್ರ ಈ ಕೊಳವೆಯ ಮೇಲೆ ಇಡಬೇಡಿ ಎಂಬುದು ನನ್ನ ಕಳಕಳಿಯ ಸಲಹೆ. ಆಗುಂಬೆಯ ಕಡೆಗೆ ಹೋದರೆ ಮಂಜು ಸಿಕ್ಕೇ ಸಿಗುತ್ತದೆ. ಮಂಜಿನಲ್ಲಿ ದೀಪ ಕಣ್ಣಿಗೆ ಹತ್ತಿರವಿದ್ದಷ್ಟೂ ಹನಿಗಳಿಂದ ಚದುರಿದ ಬೆಳಕು ನೇರವಾಗಿ ಕಣ್ಣಿಗೇ ಮರಳಿ, ಎದುರಿಗೆ ಬಿಳಿಯ ಪರದೆ ಕಟ್ಟಿದಂತಾಗುತ್ತದೆ. ದೀಪ ಕೆಳಗಿದ್ದರೆ ಆ ಪರದೆ ನೋಟದ ಕೆಳಗೇ ಉಳಿಯುತ್ತದೆ, ಜೊತೆಗೆ ಗುಂಡಿಗಳ ನೆರಳು ಉದ್ದವಾಗಿ ಬಿದ್ದು ಅವು ದೂರದಿಂದಲೇ ಕಾಣುತ್ತವೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ತಲೆಯಲ್ಲಿ ಮಡ್‌ಗಾರ್ಡಿಗೆಂದು ಬಿಟ್ಟಿರುವ ರಂಧ್ರಕ್ಕೆ 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಬಗ್ಗಿಸಿ, ಅದುರಿದರೂ ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ ಹಾಕಿ ಬಿಗಿದು, ಅದರ ಮೇಲೆ ಟಾರ್ಚ್ ಕೂರಿಸಿದ್ದೇನೆ. ಅಲ್ಲಿ ಕಳಚಿದ ವಸ್ತು ಚಕ್ರದ ಕಡ್ಡಿಗಳಿಗೆ ಸಿಕ್ಕಿದರೆ ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ. ಆದ್ದರಿಂದ ಟಾರ್ಚಿಗೆ ಬೇರೆಯಾಗಿ ಒಂದು ಗಟ್ಟಿ ದಾರವನ್ನು, ಕಳಚಿದರೂ ಚಕ್ರದವರೆಗೆ ಇಳಿಯದಷ್ಟು ಗಿಡ್ಡವಾಗಿ ಕಟ್ಟಲೇಬೇಕು. ಎದುರಿನವರ ಕಣ್ಣಿಗೆ ಹೊಡೆಯದಂತೆ ಅದರ ಮೂತಿ ನೆಲದ ಕಡೆಗೆ ತುಸು ಬಾಗಿರಲಿ.

ಬಾಟಲಿಯ ವಿಷಯ ಸುಲಭ. ಫ್ರೇಮಿನ ಮೇಲೆ ಎರಡು ಬೋಲ್ಟುಗಳಿದ್ದರೆ ಅವುಗಳ ನಡುವಿನ ಅಂತರ 64 ಮಿಲಿಮೀಟರ್, ಬೋಲ್ಟ್ 5 ಮಿಲಿಮೀಟರಿನದು, ಯಾವ ಬಾಟಲಿ ಕೇಜ್ ಆದರೂ ಕೂರುತ್ತದೆ. ನಮ್ಮ ತಂದೆಯವರ ಹಳೆಯ ಸೈಕಲ್ಲಿಗೆ ಈ ಬೋಲ್ಟುಗಳಿಲ್ಲ. ಅದಕ್ಕೆ ಅಡಿಕೆ ದಬ್ಬೆಯ, ಅಂದರೆ ಸೀಳಿದ ಅಡಿಕೆ ಮರದ, ಒಂದು ಗೇಣು ತುಂಡನ್ನು ತೆಗೆದುಕೊಂಡು, ಒಳಗಿನ ಮೆತ್ತನೆಯ ತಿರುಳನ್ನು ಕೆತ್ತಿ ಹಾಕಿ, 64 ಮಿಲಿಮೀಟರ್ ಅಂತರದಲ್ಲಿ ಎರಡು ರಂಧ್ರ ಕೊರೆದು ಕೇಜನ್ನು ಬಿಗಿದು, ದಬ್ಬೆಯನ್ನು ಸೀಟಿನ ಕೆಳಗಿನ ಕೊಳವೆಗೆ ಟ್ಯೂಬಿನ ಪಟ್ಟಿಯಿಂದ ಸುತ್ತಿದ್ದೇನೆ. ಎರಡು ಮಳೆಗಾಲ ಕಳೆದರೂ ಅದು ಅಲುಗಾಡಿಲ್ಲ. ತಿರುಳು ಉಳಿಸಿದ್ದ ಮೊದಲ ತುಂಡು ಮಾತ್ರ ಆರಿದ್ರಾ ಮುಗಿಯುವಷ್ಟರಲ್ಲಿ ಕೊಳೆತು ಹೋಗಿತ್ತು.

ಫೋನಿನ ಬಗ್ಗೆ ಕೊನೆಯ ಮಾತು. ಬೇಸಿಗೆಯಲ್ಲಿ ಅದನ್ನು ಅಡ್ಡಕೊಳವೆಯ ಮೇಲೆ, ನಾಲ್ಕು ಮೂಲೆಗಳನ್ನೂ ಹಿಡಿಯುವ ರಬ್ಬರಿನ ಹೋಲ್ಡರಿನಲ್ಲಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬೆನ್ನ ಹಿಂದಿನ ಚೀಲದಲ್ಲೇ ಇಟ್ಟುಕೊಂಡು, ದಾರಿಯನ್ನು ಧ್ವನಿಯಲ್ಲಿ ಕೇಳುವುದು ಒಳ್ಳೆಯದು, ಏಕೆಂದರೆ ಪರದೆಯ ಮೇಲೆ ಬಿದ್ದ ಹನಿಯನ್ನು ಅದು ಬೆರಳೆಂದೇ ತಿಳಿದು ತನಗೆ ತಾನೇ ಏನನ್ನೋ ಒತ್ತಿಕೊಳ್ಳುತ್ತಿರುತ್ತದೆ.

ನಿಮ್ಮ ಹ್ಯಾಂಡಲ್ಲಿನ ಎರಡೂ ಸುತ್ತಳತೆಗಳನ್ನು, ಬ್ರೇಕ್ ಲಿವರ್‌ನಿಂದ ನಡುಭಾಗದವರೆಗೆ ಖಾಲಿ ಇರುವ ಉದ್ದವನ್ನು ತಿಳಿಸಿದರೆ ಯಾವ ಟೀ, ಎಷ್ಟು ಉದ್ದದ ಅಡ್ಡಕೊಳವೆ ಎಂದು ಲೆಕ್ಕ ಹಾಕಿ ಬರೆಯುತ್ತೇನೆ. ಹ್ಯಾಂಡಲ್ ಕಾರ್ಬನ್ನಿನದಾಗಿದ್ದರೆ ಹೋಸ್ ಕ್ಲಿಪ್ ಬಿಗಿಯುವ ಮೊದಲೇ ತಿಳಿಸಿ, ಅದಕ್ಕೆ ಈ ವಿಧಾನ ಆಗುವುದಿಲ್ಲ.