ನಿಮ್ಮ ಯಜಮಾನರು ಯಾವ ರೆಜಿಮೆಂಟ್?

ಪ್ರಶ್ನೆ: 1971ರ ಯುದ್ಧಕಾಲದಲ್ಲಿ ನಾನು ಪೂರ್ವ ಗಡಿಯ ಸೇನಾ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಅಧಿಕಾರಿಯಾಗಿದ್ದೆ. ಮದುವೆಯಾದ ಮೇಲೆ ಸೇವೆ ಬಿಡಬೇಕಾಯಿತು. ಸ್ವಾತಂತ್ರ್ಯ ದಿನಾಚರಣೆಯಲ್ಲಿ ಮಾಜಿ ಸೈನಿಕರ ಸಾಲಿನಲ್ಲಿ ಕುಳಿತರೆ, "ನಿಮ್ಮ ಯಜಮಾನರು ಯಾವ ರೆಜಿಮೆಂಟ್?" ಎನ್ನುತ್ತಾರೆ. ಅವರು ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಆಗಿದ್ದವರು. ಹಂದಿ ಹೊಡೆಯಲೂ ಬಂದೂಕು ಹಿಡಿದವರಲ್ಲ. ನರ್ಸ್ ನಾನೇ ಎಂದರೆ, "ಹಾಗಾದರೆ ಯುದ್ಧ ಮಾಡಿಲ್ಲ" ಎಂದು ನಗುತ್ತಾರೆ. ನಾನು ಮಾಜಿ ಸೈನಿಕಳಲ್ಲವೇ?
– ಓದುಗರು, ಸಕಲೇಶಪುರ

ಉತ್ತರ: ನಗುವವರು ನಿಯಮ ಓದಿಲ್ಲ. ಯೋಧರಾಗಿರಲಿ, ಯೋಧೇತರರಾಗಿರಲಿ, ಸೇನೆಯಲ್ಲಿ ಯಾವ ಹುದ್ದೆಯಲ್ಲಿದ್ದವರೂ ಮಾಜಿ ಸೈನಿಕರಾಗಬಹುದೆಂದು ಕೇಂದ್ರದ ನಿಯಮವೇ ಹೇಳುತ್ತದೆ. ಮಿಲಿಟರಿ ನರ್ಸಿಂಗ್ ಸೇವೆಯವರೂ ಆ ಸಾಲಿಗೆ ಸೇರುತ್ತಾರೆಂದು ಪಂಜಾಬಿನ ನೇಮಕಾತಿ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ತೀರ್ಪು ಕೊಟ್ಟಿದೆ. ನೀವು ಬಿಡುಗಡೆಯಾದ ವರ್ಷ, ಸೇವಾವಧಿ ಎರಡನ್ನೂ ನೋಡಿಯೇ ಅರ್ಹತೆ ನಿರ್ಧರಿಸುತ್ತಾರೆ. ಹಾಗಾಗಿ ಬಿಡುಗಡೆ ಆದೇಶದ ಪ್ರತಿಯೊಂದಿಗೆ ಹಾಸನದ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಸೇನೆಯಿಂದ ಬಂದ ಹೊಸದರಲ್ಲಿ ನಾನೂ ಒಂದು ಕಚೇರಿಯಲ್ಲಿ ಅರ್ಜಿ ತುಂಬುತ್ತ 'ಪತ್ನಿಯ ಹೆಸರು' ಎಂಬಲ್ಲಿ ನಮ್ಮವರ ಹೆಸರು ಬರೆದುಕೊಟ್ಟಿದ್ದೆ. ಗುಮಾಸ್ತರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಅಂಥವರು ಸಿಕ್ಕರೆ ಜಗಳ ಬೇಡ, ಕಾಗದ ಮುಂದಿಡಿ.

ಸನ್ಮಾನ ಮಾಡಿ ಎಂದು ಯಾರನ್ನೂ ಕೇಳಬೇಡಿ. ಶಾಲು, ಪೇಟ ಯಾರಿಗೆ ಬೇಕಾದರೂ ಸಿಗುತ್ತವೆ. ಪದಕ ಕೇಳಿ, ಅದೂ ಹೆಸರು ಹಿಡಿದು. 1971ರ ಯುದ್ಧಕಾಲದ ಸೇವೆಗೆ ಸಂಗ್ರಾಮ್ ಪದಕವಿದೆ. ಪೂರ್ವ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್ ಇದೆ. ನೀವು ಎಲ್ಲಿ, ಯಾವ ದಿನಾಂಕದಲ್ಲಿ ಇದ್ದಿರಿ ಎಂಬುದಕ್ಕೆ ವರ್ಗಾವಣೆ ಆದೇಶವೇ ಸಾಕ್ಷಿ. ಟ್ರಂಕಿನ ತಳದಲ್ಲಿ ಹುಡುಕಿ. ಸಿಗದಿದ್ದರೆ ನಿಮ್ಮ ಸೇವಾ ಸಂಖ್ಯೆ ಬರೆದು ಸೇನಾ ದಾಖಲೆಯ ಪ್ರತಿ ಕೇಳಿ.

ಮದುವೆಯ ಮಾತು ಬಂತು. ಮದುವೆಯಾದ ನರ್ಸಿಂಗ್ ಅಧಿಕಾರಿಯನ್ನು ಹೊರಗೆ ಕಳುಹಿಸುವ ನಿಯಮ 1995ರವರೆಗೂ ಇತ್ತು. 1988ರಲ್ಲಿ ಹಾಗೆ ಕೆಲಸ ಕಳೆದುಕೊಂಡ ಒಬ್ಬರಿಗೆ 60 ಲಕ್ಷ ರೂಪಾಯಿ ಕೊಡಬೇಕೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಅದು ನಿಮಗೂ ಅನ್ವಯಿಸುತ್ತದೆಂದು ಆಸೆ ಹುಟ್ಟಿಸಲಾರೆ. ಅವರು ವರ್ಷಗಟ್ಟಲೆ ಕೋರ್ಟು ಅಲೆದವರು.

ಪ್ರಶ್ನೆ: ಮಗಳು ಪಿಯುಸಿಯಲ್ಲಿದ್ದಾಳೆ. ಹೆಣ್ಣುಮಕ್ಕಳಿಗೆ ರಣರಂಗದ ಹುದ್ದೆ ಸಿಗುತ್ತದೆಯೇ?
– ಓದುಗರು, ಬೇಲೂರು

ಉತ್ತರ: ಫಿರಂಗಿ ದಳಕ್ಕೆ 2023ರಿಂದ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳುತ್ತಿದ್ದಾರೆ. ಪಿಯುಸಿ ಮುಗಿಸಿದವರಿಗೆ ಅಧಿಕಾರಿ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ 2025ರ ಮೇ ತಿಂಗಳಲ್ಲಿ 17 ಯುವತಿಯರ ಮೊದಲ ತಂಡ ಹೊರಬಂದಿದೆ. ಅದರ ಪ್ರವೇಶ ಪರೀಕ್ಷೆಗೆ ಗಣಿತ ಗಟ್ಟಿ ಮಾಡಿಕೊಳ್ಳಲಿ, ಬೆಳಗ್ಗೆ ಓಡಲಿ.