ಲೆಕ್ಕ ಕೇಳಿ, ಧೈರ್ಯವಾಗಿ ಕೇಳಿ

ಸಿಂಧನೂರಿನ ಓದುಗರೊಬ್ಬರ ಪತ್ರ: "ಬಡ ಮಕ್ಕಳ ಕಾಲೇಜು ಫೀಸು ಕಟ್ಟುವ ಸಣ್ಣ ಟ್ರಸ್ಟ್ ನಮ್ಮದು. ಐದು ಜನ ಟ್ರಸ್ಟಿಗಳಲ್ಲಿ ನಾನೂ ಒಬ್ಬ. ಮೀಟಿಂಗ್ ನಡೆಯುವುದೇ ಇಲ್ಲ. ಠರಾವು ಪುಸ್ತಕ ಮನೆಗೆ ಬರುತ್ತದೆ, ಸಹಿ ಹಾಕಿ ಕಳಿಸುತ್ತೇವೆ. ಚೆಕ್ ಬುಕ್ ಟ್ರಸ್ಟ್ ಕಟ್ಟಿದ ಹಿರಿಯರ ಹತ್ತಿರವೇ ಇರುತ್ತದೆ. ಈ ಸಲ ಲೆಕ್ಕ ಕೇಳಿದೆ. 'ಹಿರ್ಯಾರ ಮ್ಯಾಲೆ ನಂಬಿಕಿ ಇಲ್ಲೇನ್ರಿ?' ಅಂದರು. ಸುಮ್ನೆ ರಾಜೀನಾಮೆ ಕೊಟ್ಟುಬಿಡಲೇ?"

ಬೇಡ. ಖಂಡಿತ ಕೊಡಬೇಡಿ. ಲೆಕ್ಕ ಕೇಳಿದ ಒಬ್ಬರೂ ಎದ್ದು ಹೋದರೆ ಅಲ್ಲಿ ಕೇಳುವವರು ಯಾರು ಉಳಿಯುತ್ತಾರೆ?

ಆ ಹಿರಿಯರ ಬಗ್ಗೆ ನನಗೆ ಗೌರವವಿದೆ. ಕೈಯಿಂದ ಹಣ ಹಾಕಿ ಟ್ರಸ್ಟ್ ಕಟ್ಟುವುದು ಎಲ್ಲರಿಂದ ಆಗುವ ಕೆಲಸವಲ್ಲ. ಆದರೆ ಟ್ರಸ್ಟ್‌ಗೆ ಕೊಟ್ಟ ಮೇಲೆ ಆ ಹಣ ಫೀಸು ಕಟ್ಟಲಾಗದ ಮಕ್ಕಳದ್ದು. ಅದನ್ನು ಕಾಯುವುದಕ್ಕೇ ಐದು ಜನರನ್ನು ಕೂರಿಸಿರುವುದು.

ನಂಬಿಕೆ ಇದ್ದಲ್ಲಿ ಲೆಕ್ಕ ಕೇಳಬಾರದು ಅನ್ನುವ ಮಾತು ನಮ್ಮ ಕಡೆ ಯಾವಾಗ ಶುರುವಾಯಿತೋ! ನಿಮ್ಮ ಜಿಲ್ಲೆಯವಳೇ ಆದ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಲಿಂಗಸುಗೂರು ತಾಲೂಕಿನ ಅಮರೇಶ್ವರದ ಗಂಡ ಹೆಂಡತಿ ಕಲ್ಯಾಣಕ್ಕೆ ಹೋಗಿ, ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಇಷ್ಟೇಕೆ ತಂದೆ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬಾ ಅಂದಳು ಲಕ್ಕಮ್ಮ. ಗಂಡನ ಮೇಲೆ ನಂಬಿಕೆ ಇರಲಿಲ್ಲವೇ ಆಕೆಗೆ? ಇತ್ತು. ದಾಸೋಹದ ಮೇಲೂ ಅಷ್ಟೇ ಪ್ರೀತಿ ಇತ್ತು. ಮಾರಯ್ಯ ಸಿಟ್ಟಾಗಲಿಲ್ಲ, ಹೋಗಿ ಸುರಿದು ಬಂದ. ಲಕ್ಕಮ್ಮನಂಥವರು ಎಲ್ಲ ಟ್ರಸ್ಟಿನಲ್ಲೂ ಇರಬೇಕು.

ಮೇಲಿನವರು ಬಂದು ಕೇಳಲಿ ಅಂತ ಕಾಯುವ ಹಾಗೂ ಇಲ್ಲ. ಮಹಾರಾಷ್ಟ್ರದಲ್ಲಿ 1950ರ ಕಾಯ್ದೆಯ ಪ್ರಕಾರ ಟ್ರಸ್ಟುಗಳ ಲೆಕ್ಕ ನೋಡುವ ಚಾರಿಟಿ ಕಮಿಷನರ್ ಇದ್ದಾರೆ. ನಮ್ಮಲ್ಲಿ ಅಂಥವರಿಲ್ಲ. ನೀವು ಸಂಘವಾಗಿದ್ದರೆ ನಮ್ಮ 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ಪ್ರತಿವರ್ಷ ಲೆಕ್ಕ ಸಲ್ಲಿಸಬೇಕಿತ್ತು. ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಣಿಯಾದರೆ ಮುಗಿಯಿತು. ಆಮೇಲೆ ಆದಾಯ ತೆರಿಗೆಯವರನ್ನು ಬಿಟ್ಟರೆ ಕೇಳುವವರು ಕಡಿಮೆ. ಸಿವಿಲ್ ಪ್ರೊಸೀಜರ್ ಕೋಡಿನ 92ನೇ ಕಲಂ ಹಿಡಿದು, ಅನುಮತಿ ಪಡೆದು, ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಕನಿಷ್ಠ ಇಬ್ಬರು ಸೇರಿ ಕೋರ್ಟಿಗೆ ಹೋಗಬಹುದು. ಅಷ್ಟರಲ್ಲಿ ಮಕ್ಕಳ ಓದೇ ಮುಗಿದಿರುತ್ತದೆ.

ನಿಮಗೂ ಒಂದು ಮಾತು. ಮನೆಗೆ ಬಂದ ಪುಸ್ತಕಕ್ಕೆ ಇಷ್ಟು ದಿನ ಸಹಿ ಹಾಕಿದವರು ನೀವೇ ಅಲ್ವಾ? ನಡೆಯದ ಸಭೆಗೆ ಹಾಜರಿದ್ದೆ ಅಂತ ಬರೆದುಕೊಟ್ಟ ಹಾಗಾಯಿತು. ನಾಳೆ ಹೆಚ್ಚುಕಡಿಮೆಯಾದರೆ ಹೊಣೆ ನಿಮ್ಮ ಮೇಲೂ ಬರುತ್ತದೆ.

ಗಂಗಾವತಿ ಕಡೆಯ ಒಂದು ಟ್ರಸ್ಟ್ ನನಗೆ ಗೊತ್ತು. ಕಟ್ಟಿದವರು ಒಂದು ಪೈಸೆ ಮುಟ್ಟಿದವರಲ್ಲ. ಖಾತೆ ಅವರೊಬ್ಬರ ಸಹಿಯಲ್ಲಿತ್ತು. ಅಡ್ಮಿಷನ್ ಸಮಯದಲ್ಲೇ ತೀರಿಕೊಂಡರು. ಸಹಿ ಬದಲಿಸಲು ಬ್ಯಾಂಕಿನವರು ಠರಾವು ಕೇಳಿದರು. ಪುಸ್ತಕ ಎಲ್ಲಿದೆ ಅಂತ ಉಳಿದ ಟ್ರಸ್ಟಿಗಳಿಗೇ ಗೊತ್ತಿಲ್ಲ! ಫೀಸಿನ ಕೊನೆ ದಿನ ದಾಟಿತು. ಇಬ್ಬರು ಹುಡುಗಿಯರು ಕಾಲೇಜು ಬಿಟ್ಟರು. ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ.

ಬಳ್ಳಾರಿಯಿಂದ ರಾಯಚೂರಿನವರೆಗೆ ಎಲ್ಲಿ ನೋಡಿದರೂ ಟ್ರಸ್ಟಿನ ಬೋರ್ಡು. ಎಷ್ಟೋ ಕಡೆ ಟ್ರಸ್ಟಿಗಳೆಂದರೆ ಗಂಡ, ಹೆಂಡತಿ, ಮಗ, ಅಳಿಯ. ಹೆಂಡತಿಯ ಹೆಸರು ಸಹಿಗೆ ಮಾತ್ರ. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಜಾತ್ರೆ ಮುಗಿದ ಮೇಲೆ ದೈವ, ಅಂದರೆ ಊರಿನವರನ್ನೆಲ್ಲ ಕೂಡಿಸಿ, ಪಟ್ಟಿ (ವಂತಿಗೆ) ಎತ್ತಿದ್ದು ಎಷ್ಟು, ಎಣ್ಣೆಗೆ ಎಷ್ಟು, ಡೊಳ್ಳಿನವರಿಗೆ ಎಷ್ಟು ಅಂತ ಗುಡಿ ಕಟ್ಟೆಯ ಮೇಲೆ ಓದುತ್ತಿದ್ದರು. ಅಕ್ಷರ ಬಾರದವರೂ ಎದ್ದು ನಿಂತು ಕೇಳುತ್ತಿದ್ದರು. ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ಓದಿದವರು ಸೇರಿ ಕಟ್ಟಿದ ಟ್ರಸ್ಟಿನಲ್ಲಿ ಅದೇ ಪ್ರಶ್ನೆ ಅವಮಾನ ಹೇಗಾಗುತ್ತದೆ?

ಮೊದಲು ಟ್ರಸ್ಟ್ ಪತ್ರದ ನಕಲು ತೆಗೆಸಿ. ಸಭೆ, ಕೋರಂ (ಸಭೆಗೆ ಕನಿಷ್ಠ ಎಷ್ಟು ಜನ ಇರಬೇಕು) ಬಗ್ಗೆ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಆಮೇಲೆ ಹಿರಿಯರ ಮನೆಗೇ ಹೋಗಿ, ಮರ್ಯಾದೆಯಿಂದ ಕೇಳಿ. ಚೆಕ್ಕಿಗೆ ಇಬ್ಬರ ಸಹಿ ಇರಲಿ. ಮೂರು ತಿಂಗಳಿಗೊಮ್ಮೆ ಸಭೆ ಆಗಲಿ. ಟ್ರಸ್ಟಿಯ ಸಂಬಂಧಿಕರ ಅರ್ಜಿ ಬಂದಾಗ ಆ ಟ್ರಸ್ಟಿ ಹೊರಗೆ ಕೂರಲಿ. ಸಂಬಂಧಿಕರಿಗೆ ಟ್ರಸ್ಟಿನ ಹಣ ಹೋದರೆ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು, ಅದನ್ನೂ ಹೇಳಿ. ಒಪ್ಪದಿದ್ದರೆ ಮುಂದಿನ ಸಲ ಪುಸ್ತಕ ಮನೆಗೆ ಬಂದಾಗ "ಸಭೆ ನಡೆದಿಲ್ಲ, ಲೆಕ್ಕ ತೋರಿಸಿಲ್ಲ" ಅಂತ ಬರೆದು, ದಿನಾಂಕ ಹಾಕಿ ಕಳಿಸಿ.

– ಸಂ.