ಸಿಡಿಲಿನ ಲೇಖನ ಕಳಿಸಿದವರಿಗೆ

ಪ್ರಿಯ ಬರಹಗಾರರೆ,

ಸಿಡಿಲಿನಿಂದ ಹೊಮ್ಮುವ ಗಾಮಾ ಕಿರಣಗಳ (ಎಕ್ಸ್-ರೇಗಿಂತ ಪ್ರಬಲವಾದ ವಿಕಿರಣ) ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಗುಡುಗು ಶುರುವಾದೊಡನೆ ಅಜ್ಜಿ ನಿಮ್ಮನ್ನೆಲ್ಲ ನಡುಮನೆಗೆ ಕರೆದು 'ಅರ್ಜುನ, ಫಲ್ಗುಣ, ಪಾರ್ಥ' ಎಂದು ಹೇಳಿಸುತ್ತಿದ್ದ ಮೊದಲ ಪ್ಯಾರಾ ಕಣ್ಣಿಗೆ ಕಟ್ಟುತ್ತದೆ. ಎರಡನೆಯದರಿಂದ ಬರೀ 'ರೋಮಾಂಚಕ', 'ಊಹೆಗೂ ನಿಲುಕದ' ಎಂಬಂಥ ಮಾತುಗಳು. ಅವುಗಳ ಅಡಿಯಲ್ಲಿ ಅಸಲು ಸಂಗತಿ ಹೂತುಹೋಗಿದೆ.

ಜಪಾನಿನ ಪ್ರಸಂಗವನ್ನೇ ನೋಡಿ. 'ಸಿಡಿಲು ಅಣುಬಾಂಬಿನಂತೆ ಪರಮಾಣುಗಳನ್ನು ಒಡೆಯುತ್ತದೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಡೆದದ್ದು ಬೇರೆ. 2017ರ ಫೆಬ್ರುವರಿ 6ರಂದು ಕಾಶಿವಾಜಾಕಿ ಕರಾವಳಿಯಲ್ಲಿ ಸಿಡಿಲು ಹೊಡೆಯಿತು. ಅದರ ಗಾಮಾ ಕಿರಣಗಳು ಗಾಳಿಯಲ್ಲಿದ್ದ ನೈಟ್ರೋಜನ್ ಪರಮಾಣುಗಳ ಬೀಜಕೇಂದ್ರಗಳಿಗೆ ತಾಗಿ ನ್ಯೂಟ್ರಾನುಗಳನ್ನು ಕಿತ್ತುಹಾಕಿದವು. ಉಳಿದ ನೈಟ್ರೋಜನ್-13 ಸ್ಥಿರವಲ್ಲ. ಸುಮಾರು 10 ನಿಮಿಷಕ್ಕೆ ಅರ್ಧದಷ್ಟು ಕ್ಷಯಿಸುತ್ತ ಪಾಸಿಟ್ರಾನುಗಳನ್ನು, ಅಂದರೆ ಎಲೆಕ್ಟ್ರಾನಿನಂಥವೇ ಆದರೆ ಧನ ವಿದ್ಯುದಂಶದ ಕಣಗಳನ್ನು, ಹೊರಬಿಡುತ್ತದೆ. ಪಾಸಿಟ್ರಾನಿಗೆ ಎಲೆಕ್ಟ್ರಾನ್ ಎದುರಾದರೆ ಎರಡೂ ಅಳಿದು 511 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಗಾಮಾ ಕಿರಣಗಳಾಗುತ್ತವೆ. ಮಿಂಚು ಮರೆಯಾದ ಮೇಲೂ ಸುಮಾರು ಒಂದು ನಿಮಿಷ ನೆಲದ ಮೇಲಿನ ಉಪಕರಣಗಳಲ್ಲಿ ಇದೇ ಗುರುತು ದಾಖಲಾಗುತ್ತಿತ್ತು! ಇದನ್ನು ಹೀಗೆ ಹಂತಹಂತವಾಗಿ ಹೇಳಿ, ಬಾಂಬಿನ ಹೋಲಿಕೆ ತಾನಾಗಿ ಉದುರಿಹೋಗುತ್ತದೆ.

ಅಲ್ಲಿ ಚಳಿಗಾಲದ ಗುಡುಗುಮೋಡಗಳು ನೆಲಕ್ಕೆ ಬಹಳ ಹತ್ತಿರ. ಕಿರಣಗಳು ಕೆಳಗಿನವರೆಗೆ ಬಂದದ್ದು ಅದಕ್ಕೇ. ಈ ಮಾತು ನಿಮ್ಮಲ್ಲಿಲ್ಲ, ಹಾಗಾಗಿ ಕೊನೆ ದಾರಿತಪ್ಪಿದೆ. 'ಮಿಂಚಿದಾಗಲೆಲ್ಲ ವಿಕಿರಣ ನಮ್ಮ ಮೈ ಹೊಕ್ಕುತ್ತದೆ' ಎಂಬ ವಾಕ್ಯವನ್ನು ಖಂಡಿತ ಅಚ್ಚು ಹಾಕುವುದಿಲ್ಲ. ಮೋಡ ಎತ್ತರದಲ್ಲಿದ್ದರೆ ನಡುವಿನ ಗಾಳಿಯೇ ಗಾಮಾ ಕಿರಣಗಳನ್ನು ಬಹುಪಾಲು ಹೀರಿಬಿಡುತ್ತದೆ. ಮಳೆಯಲ್ಲಿ ಮರದಡಿ ನಿಂತ ರೈತನ ಜೀವ ತೆಗೆಯುವುದು ವಿದ್ಯುತ್ತು. ಓದುಗರು ಅದಕ್ಕೆ ಹೆದರಲಿ, ಮರದಡಿಯಿಂದ ಓಡಿಬರಲಿ.

ಊಟಿಯ ವಿಷಯವೂ ತಪ್ಪಾಗಿದೆ. 2014ರ ಡಿಸೆಂಬರ್ 1ರ ಗುಡುಗುಮೋಡದ ವೋಲ್ಟೇಜನ್ನು ಅಲ್ಲಿನ ಗ್ರೇಪ್ಸ್-3 ಎಂಬ ವಿಶ್ವಕಿರಣ ಪ್ರಯೋಗದವರು ಲೆಕ್ಕಹಾಕಿದ್ದು ಗಾಮಾ ಕಿರಣಗಳಿಂದಲ್ಲ, ಮ್ಯೂಯಾನುಗಳಿಂದ. ಮೇಲಿನಿಂದ ಸದಾ ಸುರಿಯುವ ಈ ಕಣಗಳ ಎಣಿಕೆ ಮೋಡದ ಕೆಳಗೆ ಶೇ. 2ರಷ್ಟು ಇಳಿಯಿತು. ಆ ಇಳಿಕೆಯಿಂದ ಸಿಕ್ಕ ಉತ್ತರ ಸುಮಾರು 130 ಕೋಟಿ ವೋಲ್ಟ್. ನಮ್ಮ ಪಕ್ಕದ ಬೆಟ್ಟದ ಮೇಲೆ ಆದ ಕೆಲಸ ಇದು, ಒಂದು ಪುಟ ಕೊಡಿ.

ಇನ್ನೊಂದು. ನಾಸಾದ ಕಾಂಪ್ಟನ್ ಎಂಬ ವೀಕ್ಷಣಾ ಉಪಗ್ರಹ ಹೋದದ್ದು ಸಿಡಿಲನ್ನು ಹುಡುಕಲು ಅಲ್ಲ, ದೂರದ ಬಾಹ್ಯಾಕಾಶದ ಗಾಮಾ ಕಿರಣಗಳನ್ನು ನೋಡಲು. ಮಿಲಿಸೆಕೆಂಡುಗಳಷ್ಟೇ ಬಾಳುವ ಗಾಮಾ ಹೊಳಪುಗಳು ಭೂಮಿಯ ಕಡೆಯಿಂದಲೇ ಬರುತ್ತಿವೆ ಎಂಬ ಸುದ್ದಿ ಹೊರಬಿದ್ದದ್ದು 1994ರಲ್ಲಿ. ಗುಡುಗುಮೋಡದ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನುಗಳನ್ನು ಭಾರೀ ವೇಗಕ್ಕೆ ಏರಿಸಬಲ್ಲದೆಂದು ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1925ರಲ್ಲೇ ಹೇಳಿದ್ದರು. ಆ ಹೊಳಪುಗಳ ಮೂಲ ಅಂಥ ಎಲೆಕ್ಟ್ರಾನುಗಳೇ. ಇವೆರಡರ ನಡುವಿನ 69 ವರ್ಷ ನಿಮ್ಮ ಲೇಖನದ ಬೆನ್ನೆಲುಬಾಗಬಹುದು.

ತಿದ್ದಿ ಕಳಿಸಿ, ಕಾಯುತ್ತೇನೆ. ಅಜ್ಜಿಯ ಪ್ಯಾರಾದಲ್ಲಿ ಮಾತ್ರ ಒಂದಕ್ಷರವನ್ನೂ ಮುಟ್ಟಬೇಡಿ.

ಇಂತಿ,
ಸಂಪಾದಕ